ತಲೆಗೆ ಹತ್ತುವುದು

ಮುಂಬಯಿಯ ಸಂಜೆಯ ಲೋಕಲ್ ರೈಲು ದಾದರ್ ಬಿಟ್ಟು ವೇಗ ಹಿಡಿಯುವಾಗ ಡಬ್ಬಿಯ ತುಂಬ ಕೈಗಳು ಮೇಲೇಳುತ್ತವೆ. ಹಿಡಿಕೆ ಕಣ್ಣಿಗೆ ಬೀಳುವುದಿಲ್ಲ, ಬೆರಳುಗಳೇ ತಡಕಾಡಿ ಅದನ್ನು ಹುಡುಕಿಕೊಳ್ಳಬೇಕು. ಇಂಗ್ಲಿಷಿನ ‘ಗ್ರಾಸ್ಪ್’ ಶುರುವಾದದ್ದು ಇಂಥ ತಡಕಾಟದಿಂದಲೇ. 14ನೇ ಶತಮಾನದಲ್ಲಿ ಅದಕ್ಕೆ ಕೈಚಾಚಿ ತಡವುವುದು ಎಂದರ್ಥವಿತ್ತು. ಗಟ್ಟಿಯಾಗಿ ಹಿಡಿಯುವ ಅರ್ಥ ಆಮೇಲಿನದು. ಬುದ್ಧಿಯಿಂದ ಹಿಡಿಯುವ ಅರ್ಥ ಇನ್ನೂ ತಡ, 17ನೇ ಶತಮಾನದ್ದು. ಸಂಸ್ಕೃತದ ‘ಗ್ರಹಣ’ದಲ್ಲೂ ಕೈಯೇ ಮೊದಲು: ಮದುವೆಯಲ್ಲಿ ಪಾಣಿಗ್ರಹಣ, ಪಾಠದಲ್ಲಿ ಗ್ರಹಿಕೆ. ‘ಗ್ರಾಸ್ಪ್’ ಎಂದರೆ ‘ಗ್ರಹಿಸು’ ಎಂದು ನಿಘಂಟಿನವರು ಬರೆಯುವುದು ಸರಿಯೇ.

ಆದರೆ ಮನೆಮಾತಿನಲ್ಲಿ ಯಾರು ಗ್ರಹಿಸುತ್ತಾರೆ? ‘ಲೆಕ್ಕ ತಲೆಗೆ ಹತ್ತಲಿಲ್ಲ’ ಎನ್ನುತ್ತೇವೆ. ಈ ‘ಹತ್ತು’ ಹಳಗನ್ನಡದ ‘ಪತ್ತು’, ಅಂಟಿಕೊಳ್ಳುವುದು. ತುಳುವಿನಲ್ಲಿ ‘ಪತ್ತ್’ ಎಂದರೆ ಇಂದಿಗೂ ಹಿಡಿ ಎಂದೇ. ಒಲೆಗೆ ಬೆಂಕಿ ಹತ್ತುವ ಹಾಗೆ ವಿದ್ಯೆ ತಲೆಗೆ ಹತ್ತುತ್ತದೆ. ಹಿಡಿಯುವ ಕೆಲಸ ವಿದ್ಯೆಯದು, ನಾವು ಸಿಕ್ಕಿದರೆ ಸಾಕು. ‘ನನಗೆ ತಿಳಿಯಿತು’ ಎಂಬಲ್ಲೂ ‘ನಾನು’ ಬದಿಗೆ ಸರಿದು ನಿಂತಿದೆ. ಮುಂಬಯಿಯಲ್ಲಿ ನಮ್ಮ ನೆರೆಹೊರೆಯ ಮಾತುಗಳೂ ಹೀಗೇ: ಮರಾಠಿಯವರ ‘ಮಲಾ ಕಳಲಂ’, ತುಳುವರ ‘ಎಂಕ್ ತೆರಿಂಡ್’. ಎಷ್ಟು ವಿನಯದ ವ್ಯಾಕರಣ ಇದು!

ಈ ವಿನಯ ನನಗೆ ಪ್ರಿಯ. ಆದರೂ ಈ ಊರಿನ ಕನ್ನಡ ರಾತ್ರಿಶಾಲೆಗಳನ್ನು ನೆನೆದಾಗ ಅದು ಸಾಲದೆನಿಸುತ್ತದೆ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಟೇಬಲ್ ಒರೆಸಿ, ರಾತ್ರಿ ಪುಸ್ತಕ ಹಿಡಿದು ಫೋರ್ಟ್ ಪ್ರದೇಶದ ಶಾಲೆಗಳಿಗೆ ನಡೆದರು. 1902ರಲ್ಲಿ ಹುಟ್ಟಿದ, ಕರಾವಳಿಯ ಮೀನುಗಾರ ಸಮುದಾಯದ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಅಂಥ ಶಾಲೆ ನಡೆಸಿತು. ನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳಲ್ಲೇ ಪೆನ್ಸಿಲು. ನಿದ್ದೆಗೆ ವಾಲುವ ಕತ್ತು. ಕರಿಹಲಗೆಯ ಮೇಲೆ ಬೀಜಗಣಿತ. ವಿದ್ಯೆ ತಾನಾಗಿ ಬಂದು ಹತ್ತಲೆಂದು ಅವರು ಕಾಯುವಂತಿರಲಿಲ್ಲ. ತಡಕಾಡಿ, ತಪ್ಪಿ, ಮತ್ತೆ ಕೈಚಾಚಿ ಎಸ್ಸೆಸ್ಸಿ ದಾಟಿದರು; ಎಷ್ಟೋ ಮಂದಿ ಮುಂದೆ ಬ್ಯಾಂಕು, ಕಚೇರಿ, ಕೋರ್ಟುಗಳನ್ನು ಸೇರಿದರು. ‘ಗ್ರಾಸ್ಪ್’ ಎಂಬುದರ ಹಳೆಯ ಅರ್ಥ ಇವರಿಗೆ ಒಪ್ಪುವಷ್ಟು ಬೇರೆ ಯಾರಿಗೂ ಒಪ್ಪದು.

ಹತ್ತುವುದೆಂದು ನಾವು ಕರೆಯುವುದರ ಹಿಂದೆ ಇಷ್ಟು ತಡಕಾಟವಿದೆ. ಆದ್ದರಿಂದ ‘ಇವನ ತಲೆಗೆ ಹತ್ತೋದಿಲ್ಲ’ ಎಂದು ಯಾವ ಮಗುವನ್ನಾದರೂ ಕೈಬಿಡುವ ಮುನ್ನ, ದಯವಿಟ್ಟು ಇನ್ನೊಂದು ಸಂಜೆ ಅದರ ಪಕ್ಕ ಕುಳಿತು ಪಾಠ ಹೇಳಿಕೊಡಿ.