ನಾಲ್ಕು ಊರು, ಒಂದು ಪರದೆ

ಮಲೆನಾಡು ಮುಗಿಯಿತೆಂದು ಹೇಳುವಂತಿಲ್ಲ, ಬಯಲುಸೀಮೆ ಮೊದಲಾಯಿತೆಂದೂ ಹೇಳುವಂತಿಲ್ಲ. ಅಂಥ ಅರೆಮಲೆನಾಡಿನ ನೆಲ ಹಿರೇಕೆರೂರಿನದು. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ಮಳೆಗಾಲದಲ್ಲಿ ಸುತ್ತಲೂ ಗೋವಿನಜೋಳದ ಹಸುರು. ಸುಗ್ಗಿ ಮುಗಿದ ಮೇಲೆ ಬೋಳು ಹೊಲಗಳ ಮೇಲೆ ಬೀಸಿ ಬರುವ ತಂಗಾಳಿ. ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾವಿ—ಈ ನಾಲ್ಕು ತಾಲ್ಲೂಕುಗಳೂ ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸದಾಗಿ ರೂಪುಗೊಂಡ ಹಾವೇರಿ ಜಿಲ್ಲೆಯ ಪಾಲಾದವು. ಜಿಲ್ಲೆ ಬದಲಾದರೂ, ದೊಡ್ಡ ಸಾಮಾನು ಕೊಳ್ಳಬೇಕಾದವರು ಹುಬ್ಬಳ್ಳಿಯ ದಾರಿ ಹಿಡಿಯುವ ರೂಢಿ ಮಾತ್ರ ಬದಲಾಗಲಿಲ್ಲ.

ಮಾಘಮಾಸದ ಒಂದು ಶನಿವಾರ ಮುಂಜಾನೆ ಹಿರೇಕೆರೂರಿನ ಒಂದು ಕುಟುಂಬ ಇದೇ ದಾರಿಗೆ ಹೊರಟಿತ್ತು. ಗಣಿತದ ಪಾಠ ಹೇಳಿ ನಿವೃತ್ತರಾದ ಮಾಸ್ತರರು, ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುವ ಅವರ ಮಗಳು, ಕಾಲೇಜಿಗೆ ಹೋಗುವ ಮಗ. ಕೊಳ್ಳಬೇಕಾದದ್ದು ಕಂಪ್ಯೂಟರಿಗೆ ಒಂದು ದೊಡ್ಡ ಮಾನಿಟರು.

ಇದರ ಹಿಂದೆ ಒಂದು ಸಂಗತಿ ಇತ್ತು. 2020ರಲ್ಲಿ ಕಚೇರಿಗಳೆಲ್ಲ ಬಾಗಿಲು ಹಾಕಿದಾಗ ಊರಿಗೆ ಮರಳಿದ ಮಗಳು, ಮೊಣಕಾಲು ಬೇನೆಯ ತಾಯಿಯನ್ನು ನೋಡಿಕೊಳ್ಳುತ್ತ ಅಲ್ಲಿಯೇ ನಿಂತಿದ್ದಳು. ದಿನಕ್ಕೆ ಒಂಬತ್ತು ತಾಸು 14 ಇಂಚಿನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಬಗ್ಗಿ ಅವಳಿಗೆ ಕತ್ತುನೋವು, ತಲೆಶೂಲೆ ಅಂಟಿಕೊಂಡಿದ್ದವು. ಹೀಗೆಯೇ ಆದರೆ ಮೇಜು, ಕುರ್ಚಿ, ಪರದೆ ಎಲ್ಲ ಸರಿಯಾಗಿರುವ ಬೆಂಗಳೂರಿನ ಕಚೇರಿಗೇ ಹಿಂತಿರುಗುವುದು ಲೇಸೆಂದು ಅವಳು ಒಂದು ರಾತ್ರಿ ಊಟದ ಹೊತ್ತಿಗೆ ಆಡಿದ ಮಾತು ತಾಯಿಯ ತುತ್ತನ್ನು ಗಂಟಲಲ್ಲಿ ನಿಲ್ಲಿಸಿತ್ತು. ಇತ್ತ ತಮ್ಮನ ಕಂಪ್ಯೂಟರಿನ ಹಳೆಯ ಪರದೆಯೂ ಕೆಟ್ಟಿತ್ತು. ಅವನ ಸಂಜೆಯ ಆಟ ನಿಂತಿತ್ತು. ಕೋಣೆ ಒಂದು, ಮೇಜು ಒಂದು. ಹಗಲಿನಲ್ಲಿ ಅಕ್ಕನ ಕೆಲಸಕ್ಕೂ ಸಂಜೆ ತಮ್ಮನ ಆಟಕ್ಕೂ ಒಂದೇ ಪರದೆ ಒದಗಬೇಕೆಂದು ತೀರ್ಮಾನವಾಯಿತು.

ಹಣ ಅಕ್ಕನದು, ಸಲಹೆ ಎಲ್ಲರದು. “ಒಮ್ಮೆ ತಗೊಂಡ್ರ ಹತ್ತು ವರ್ಷ ಇರಬೇಕು. ಎಲ್ಲಾಕಿಂತ ದೊಡ್ಡದ ತಗೋಳವ್ವಾ” ಎಂದರು ಮಾಸ್ತರರು. ಬಿಲ್ಲಿನಂತೆ ಬಾಗಿದ 34 ಇಂಚಿನ ಅಗಲ ಪರದೆಯೇ ಬೇಕೆಂದು ತಮ್ಮನ ಹಟ. ಹೊರಡುವ ಮುನ್ನ ಮಾಸ್ತರರು ಟೇಪು ಹಿಡಿದು ಮೇಜನ್ನು ಅಳೆದರು. ಆಳ 2 ಅಡಿ. ಕುರ್ಚಿಯಲ್ಲಿ ಕುಳಿತವರ ಕಣ್ಣಿಗೂ ಪರದೆ ನಿಲ್ಲುವ ಜಾಗಕ್ಕೂ ಸುಮಾರು 70 ಸೆಂಟಿಮೀಟರು. ಈ ಅಂಕಿಯನ್ನು ಅವರು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡರು.

ಹಾನಗಲ್ಲಿನ ಕಮಲ

ಹಾನಗಲ್ಲು ಹತ್ತಿರವಾದಂತೆ ದಾರಿಯ ಎರಡು ಬದಿಗೂ ಮಾವಿನ ತೋಪುಗಳು ಹೂವಿನ ಭಾರಕ್ಕೆ ಬಾಗಿ ನಿಂತಿದ್ದವು. ಶಾಸನಗಳ ಪಾನುಂಗಲ್ಲು ಇದೇ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬುದು ಸ್ಥಳೀಯರ ನಂಬಿಕೆ. ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯ, ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಿಂದ ಅರಸನೊಡನೆ ಪಗಡೆಯಾಡುವ ಉದ್ಯೋಗವನ್ನೇ ಹಿಡಿದನಷ್ಟೆ. ಕೆಲಸ ಮತ್ತು ಆಟ ಎರಡಕ್ಕೂ ಒಂದೇ ಹಾಸು ಸಾಲುತ್ತದೆಂದು ತಮ್ಮನಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. “ಅವ ಆಡಿದ್ದು ಹೊಟ್ಟೀಪಾಡಿಗೆ” ಎಂದು ಅಕ್ಕ ನಕ್ಕಳು.

ಕಲ್ಯಾಣ ಚಾಲುಕ್ಯರ ಕಾಲದ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿದವರಿಗೆ ಕಾಣುವುದು ಕಲ್ಲಿನಲ್ಲಿ ಅರಳಿದ ಬೃಹತ್ ಕಮಲದ ಛತ್ತು. ಅಷ್ಟು ಎತ್ತರದಲ್ಲಿಯೂ ಕುಸುರಿ ಎಲ್ಲಿಯೂ ಒರಟೆನ್ನಿಸುವುದಿಲ್ಲ. ನೋಡುವವನು ಎಷ್ಟು ದೂರದಲ್ಲಿ ನಿಲ್ಲುತ್ತಾನೆಂಬುದನ್ನು ಅರಿತು ಕಡೆದ ಕೈಗಳು ಅವು.

ಮಾಸ್ತರರಿಗೆ ತಮ್ಮ ಅಂಕಿ ನೆನಪಾದದ್ದು ಇಲ್ಲಿ. ಪರದೆಯ ಚಿತ್ರವೂ ಚಿಕ್ಕ ಚಿಕ್ಕ ಬಿಂದುಗಳಿಂದ ಆದದ್ದು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದು. ಎಂದರೆ ಒಂದು ಮೀಟರು ದೂರದಲ್ಲಿ 0.29 ಮಿಲಿಮೀಟರು. ಬಿಂದು ಅದಕ್ಕಿಂತ ದೊಡ್ಡದಾದರೆ ಅಕ್ಷರದ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ದೇಗುಲದ ಜಗಲಿಯ ಮೇಲೆ ಕುಳಿತು ಅವರು ಲೆಕ್ಕ ಹಾಕಿದರು. 27 ಇಂಚಿನ ಪರದೆಯಲ್ಲಿ 1920×1080 ಬಿಂದುಗಳು ಮಾತ್ರ ಇದ್ದರೆ ಒಂದೊಂದು ಬಿಂದು 0.31 ಮಿಲಿಮೀಟರಿನದು; ಅದು ಕಣ್ಣಿಗೆ ನುಣುಪಾಗಲು ಒಂದು ಮೀಟರಿಗಿಂತ ಹೆಚ್ಚು ದೂರ ಕೂರಬೇಕು. ಅದೇ ಅಳತೆಯಲ್ಲಿ 2560×1440 ಬಿಂದುಗಳಿದ್ದರೆ 0.23 ಮಿಲಿಮೀಟರು, 80 ಸೆಂಟಿಮೀಟರಿಗೆ ಪೂರ್ತಿ ನುಣುಪು, 70ಕ್ಕೂ ದೂರುವಂತಿಲ್ಲ. ಇದೇ ಬಿಂದುಗಳನ್ನು 32 ಇಂಚಿಗೆ ಹಿಗ್ಗಿಸಿದರೆ ಮತ್ತೆ 95 ಸೆಂಟಿಮೀಟರು ದೂರ ಬೇಕು. 32 ಇಂಚಿಗೆ ಒಪ್ಪುವುದು 3840×2160 ಬಿಂದುಗಳ, ‘ನಾಲ್ಕು ಕೆ’ ಎನ್ನುವ ಜಾತಿ.

“ಹಂಗಾದ್ರ ನಾಲ್ಕು ಕೆ ತಗೊಂಡುಬಿಡ್ರಿ ಅಪ್ಪಾ” ಎಂದ ಮಗ. ಆದರೆ ಅವನೇ ಒಂದು ಗಳಿಗೆ ಯೋಚಿಸಿ ತಲೆ ಕೆರೆದುಕೊಂಡ. ಆ ಪರದೆಯಲ್ಲಿ 83 ಲಕ್ಷದಷ್ಟು ಬಿಂದುಗಳು. 2560×1440ರಲ್ಲಿ 37 ಲಕ್ಷ. ಆಟದ ಪ್ರತಿ ಚಿತ್ರದಲ್ಲಿಯೂ ಎರಡೂಕಾಲು ಪಟ್ಟು ಹೆಚ್ಚು ಬಿಂದುಗಳನ್ನು ತುಂಬುವ ಶಕ್ತಿ ಅವನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗಿರಲಿಲ್ಲ. ಪರದೆಗಿಂತ ಹೆಚ್ಚಿನ ಬೆಲೆಯ ಕಾರ್ಡನ್ನು ಬೇರೆ ಕೊಳ್ಳಬೇಕಾಗುತ್ತಿತ್ತು.

ಬಂಕಾಪುರದ ನವಿಲು

ಹಾನಗಲ್ಲು ದಾಟಿ ಶಿಗ್ಗಾವಿ ತಾಲ್ಲೂಕಿಗೆ ಕಾಲಿಟ್ಟರೆ ಬಂಕಾಪುರದ ಕೋಟೆ. ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರಿದು. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಅರವತ್ತು ಕಂಬದ ಗುಡಿ ಎಂದೇ ಕರೆಯುತ್ತಾರೆ. ಕೆಲವರ ಎಣಿಕೆಯಲ್ಲಿ ಕಂಬಗಳು ಅರವತ್ತಾರು. ಚಾಣದಲ್ಲಿ ತಿರುಗಿಸಿ ತೀಡಿದಂತಿರುವ ಆ ಕಂಬಗಳ ಹೊಳಪಿನಲ್ಲಿ ಹೊರಗಿನ ಬಿಸಿಲಿನ ಗೆರೆಗಳು ಮೂಡಿ, ಕೆತ್ತನೆಯನ್ನು ನೋಡಹೋದ ಕಣ್ಣಿಗೆ ಬೆಳಕೇ ಅಡ್ಡ ಬರುತ್ತಿತ್ತು. ಮನೆಯ ಮೇಜು ಕಿಟಕಿಯ ಮಗ್ಗುಲಲ್ಲಿದೆಯೆಂಬುದು ಮಗಳಿಗೆ ಆಗ ನೆನಪಾಯಿತು. ಕಂಬಕ್ಕೆ ಒಪ್ಪುವ ಹೊಳಪು ಪರದೆಗೆ ಒಪ್ಪುವುದಿಲ್ಲ. ಮೇಲ್ಮೈ ಮಂಕಾಗಿರಬೇಕು, ಕಿಟಕಿ ಬೆನ್ನಿಗಾಗಲಿ ಎದುರಿಗಾಗಲಿ ಇರದೆ ಪಕ್ಕಕ್ಕಿರಬೇಕು.

ಕೋಟೆಯ ಕಂದಕದ ಸುತ್ತಿನ ಪೊದೆಗಳೇ ನವಿಲುಗಳ ಆಶ್ರಯ. ಬಂಕಾಪುರದ ನವಿಲುಧಾಮ ಇದೇ. ಒಂದು ಗಂಡುನವಿಲು ಗಂಭೀರವಾಗಿ ಅಡ್ಡ ಹಾಯಿತು. ಅದು ತಿರುಗಿದಂತೆ ಕೊರಳಿನ ನೀಲಿ ಹಸುರಾಗಿ, ಹಸುರು ಕಪ್ಪಾಗಿ ತೋರಿತು. ನವಿಲಿನ ಈ ವರ್ಣವೈಭವ ಬರಿಯ ಬಣ್ಣದ ಲೇಪವಲ್ಲ. ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಆಡುವ ಆಟ. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಗರಿಗೆ ಇದು ಸೊಬಗು, ಪರದೆಗೆ ದೋಷ. ಅಗ್ಗದ ‘ಟಿ.ಎನ್.’ ಪರದೆಗಳಿಗೆ ಈ ದೋಷ ಹೆಚ್ಚು. ‘ವಿ.ಎ.’ ಜಾತಿಯಲ್ಲಿ ಕಪ್ಪು ಗಾಢವಾಗಿರುತ್ತದೆ. ಆದರೆ ಓಡುವ ಚಿತ್ರದ ಕತ್ತಲೆ ಭಾಗ ಹಲವು ಸಲ ಮಸಿ ಎಳೆದಂತೆ ಕಲಸುತ್ತದೆ. ‘ಒ.ಎಲ್.ಇ.ಡಿ.’ ಚೆಲುವಿನಲ್ಲಿ ಎಲ್ಲಕ್ಕೂ ಮಿಗಿಲು. ಆದರೆ ಕೆಲಸದ ಪಟ್ಟಿಗಳು ದಿನವೆಲ್ಲ ಒಂದೇ ಕಡೆ ನಿಂತರೆ ವರ್ಷಗಳು ಕಳೆದಂತೆ ಅವುಗಳ ನೆರಳು ಅಚ್ಚೊತ್ತುವ ಭಯವುಂಟು. ಎತ್ತ ಕಡೆಯಿಂದ ನೋಡಿದರೂ ಬಣ್ಣ ಕೆಡದ ‘ಐ.ಪಿ.ಎಸ್.’ ಈ ಮನೆಗೆ ಸರಿಯೆಂದು ಅಕ್ಕ ತಮ್ಮ ಇಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದರು.

ಸವಣೂರಿನ ಹೆಮ್ಮರ

ಸವಣೂರು 1948ರ ತನಕ ನವಾಬರ ಸಂಸ್ಥಾನ. ಇಲ್ಲಿಯ ವೀಳ್ಯದೆಲೆಗೂ ಖಾರಕ್ಕೂ ದೂರದೂರಿನವರೆಗೆ ಹೆಸರು. ಕವಿ ವಿನಾಯಕರೆನಿಸಿದ ವಿ.ಕೃ. ಗೋಕಾಕರು 1909ರಲ್ಲಿ ಜನಿಸಿದ್ದು ಈ ಊರಿನಲ್ಲಿ. ಮಾಸ್ತರರ ಅಕ್ಕನ ಮನೆ ಇಲ್ಲಿಯೇ ಇದ್ದುದರಿಂದ ಮಧ್ಯಾಹ್ನದ ರೊಟ್ಟಿಯೂಟ ಅಲ್ಲಾಯಿತು.

ಊಟದ ಮೇಲೆ ಎಲ್ಲರೂ ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡಹೋದರು. ಹೆಸರಿಗೆ ಹುಣಸೆಯಾದರೂ ಇವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಮುದಿ ಆನೆಗಳು ಒಟ್ಟಿಗೆ ನಿಂತಂತೆ ಕಾಣುತ್ತವೆ. ತಮ್ಮ ಓಡಿಹೋಗಿ ಬುಡಕ್ಕೆ ಒತ್ತಿ ನಿಂತ. ಅವನಿಗೆ ಕಂಡದ್ದು ತೊಗಟೆ ಮಾತ್ರ. ಮರದ ಎರಡು ಅಂಚುಗಳನ್ನು ನೋಡಲು ಅವನು ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕಾಯಿತು. “ಹಿಂದಕ್ಕ ಬಾರೋ, ಅಂದ್ರ ಗಿಡಾ ಕಂಡೀತು” ಎಂದು ಅತ್ತೆ ಕೂಗಿದರು.

ಮಾಸ್ತರರು ಮಗಳ ಮುಖ ನೋಡಿದರು. 27 ಇಂಚಿನ ಪರದೆಯ ಅಗಲ 60 ಸೆಂಟಿಮೀಟರು, 32 ಇಂಚಿನದು 71, ತಮ್ಮ ಬಯಸಿದ 34 ಇಂಚಿನದು 80. ಎಪ್ಪತ್ತು ಸೆಂಟಿಮೀಟರು ದೂರದಿಂದ ಎಂಬತ್ತು ಸೆಂಟಿಮೀಟರಿನ ಪರದೆಯನ್ನು ದಿನಕ್ಕೆ ಒಂಬತ್ತು ತಾಸು ನೋಡುವುದೆಂದರೆ ದಿನವಿಡೀ ಕತ್ತು ಹೊರಳಿಸಿದಂತೆಯೇ. ಯಾವ ನೋವನ್ನು ಕಳೆಯಲು ಹೊರಟಿದ್ದರೋ ಅದನ್ನೇ ಹಣ ಕೊಟ್ಟು ಮನೆಗೆ ತಂದಂತಾಗುತ್ತಿತ್ತು. ಹಿಂದಕ್ಕೆ ಸರಿಯೋಣವೆಂದರೆ ಕೋಣೆಯ ಗೋಡೆ ಸರಿಯುವುದಿಲ್ಲ.

ಬೀಳ್ಕೊಡುವಾಗ ಅತ್ತೆ ಖಾರದ ಪೊಟ್ಟಣವನ್ನೂ ಎಲೆಯ ಕಟ್ಟನ್ನೂ ಕೈಗಿತ್ತು, “ಹುಡಿಗಿ ಮನ್ಯಾಗ ಇರೂಹಂಗ ಆದ್ರ ಸಾಕಪ್ಪಾ. ದೊಡ್ಡದು ಸಣ್ಣದು ಏನ್ ನೋಡ್ತೀ” ಎಂದು ತಮ್ಮನಿಗೆ ಹೇಳಿದರು. ಮಾಸ್ತರರು ಉತ್ತರ ಕೊಡಲಿಲ್ಲ.

ಗೊಟಗೋಡಿಯ ನಿಶ್ಚಲ ಜಾತ್ರೆ

ಶಿಗ್ಗಾವಿ ಹೆದ್ದಾರಿಯ ಊರು. ಸಂತ ಶಿಶುನಾಳ ಷರೀಫರ ಶಿಶುವಿನಹಾಳವೂ ಕನಕದಾಸರ ಬಾಡವೂ ಈ ತಾಲ್ಲೂಕಿನವೇ. ಹೆದ್ದಾರಿಯ ಬದಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವುಂಟು, ಕಲಾವಿದ ಟಿ.ಬಿ. ಸೊಲಬಕ್ಕನವರರ ಕನಸಿನ ಉತ್ಸವ ರಾಕ್ ಗಾರ್ಡನ್ನೂ ಉಂಟು. ಉತ್ತರ ಕರ್ನಾಟಕದ ಹಳ್ಳಿಯ ಬಾಳು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ದುಡಿಯುವವರು ದುಡಿಯುತ್ತಿರುವಂತೆಯೇ, ಆಡುವವರು ಆಡುತ್ತಿರುವಂತೆಯೇ ಆ ಕ್ಷಣದಲ್ಲಿ ಸ್ತಬ್ಧರಾಗಿದ್ದಾರೆ.

ಚಲನೆಯೆಂಬುದು ಇಂಥ ನಿಶ್ಚಲ ಕ್ಷಣಗಳ ಸಾಲೇ ಅಲ್ಲವೆ? ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಒಂದು ಚಿತ್ರ ಸುಮಾರು 17 ಮಿಲಿಸೆಕೆಂಡು ನಿಲ್ಲುತ್ತದೆ. 144 ಹರ್ಟ್ಸಿನ ಪರದೆಯಲ್ಲಿ ಅದು 7 ಮಿಲಿಸೆಕೆಂಡು. ಓಡುವ ಎದುರಾಳಿಯನ್ನು ಗುರಿಯಿಡುವ ಆಟಗಾರನಿಗೆ ಈ ಅಂತರ ತಿಳಿಯುತ್ತದೆ; ಉದ್ದ ಬರಹವನ್ನು ಮೇಲೆ ಕೆಳಗೆ ಸರಿಸಿ ಓದುವ ಕಣ್ಣಿಗೂ ಅದರ ಹಿತ ತಾಗುತ್ತದೆ. ಬಾಗಿದ ಪರದೆಯ ಆಸೆ ಬಿಟ್ಟ ತಮ್ಮನಿಗೆ ಈ ಒಂದು ಗುಣವನ್ನಾದರೂ ಉಳಿಸಿಕೊಡಬೇಕೆಂದು ಅಕ್ಕ ಮನಸ್ಸು ಮಾಡಿದಳು.

ಹುಬ್ಬಳ್ಳಿಯ ಅಂಗಡಿಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂಗಡಿಯವನು ದೊಡ್ಡ ಪರದೆಗಳ ಸಾಲಿಗೇ ಕರೆದೊಯ್ದ. 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಮಾನಿಟರುಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆಯೆಂದು ಆಸೆಯನ್ನೂ ತೋರಿಸಿದ. ಎಲ್ಲಕ್ಕಿಂತ ದೊಡ್ಡದು ಬೇಕೆಂದು ಮನೆ ಬಿಟ್ಟಿದ್ದ ಮಾಸ್ತರರೇ ಕಿಸೆಯ ಪುಸ್ತಕ ತೆರೆದು ಓದಿದರು: 27 ಇಂಚು, 2560×1440, ಐ.ಪಿ.ಎಸ್., 144 ಹರ್ಟ್ಸು, ಚಪ್ಪಟೆ, ಮಂಕು ಮೇಲ್ಮೈ, ಎತ್ತರ ಏರಿಸಿ ಇಳಿಸಬಹುದಾದ ಕಾಲು. ಕೊನೆಯ ಗುಣವಿಲ್ಲದ ಒಂದು ಪರದೆ ಸ್ವಲ್ಪ ಅಗ್ಗಕ್ಕೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೆ ತುಸು ಕೆಳಗೆ ನಿಲ್ಲದಿದ್ದರೆ ಉಳಿದ ಗುಣಗಳೆಲ್ಲ ಕತ್ತಿಗೆ ಉಪಯೋಗವಿಲ್ಲ. ಕರೆಂಟು ಏರಿಳಿದಾಗ ಕೆಲಸ ಕೆಡದಂತೆ ಒಂದು ಯು.ಪಿ.ಎಸ್. ಕೂಡ ಬಿಲ್ಲಿಗೆ ಸೇರಿತು.

ಮರುದಿನ ಹಿರೇಕೆರೂರಿನ ಮನೆಯಲ್ಲಿ ಮಾಸ್ತರರು ಮತ್ತೊಮ್ಮೆ ಟೇಪು ಹಿಡಿದು, ಕಣ್ಣಿನಿಂದ ಪರದೆಗೆ ಎಪ್ಪತ್ತು ಸೆಂಟಿಮೀಟರಿಗೆ ಸರಿಯಾಗಿ ನಿಲ್ಲಿಸಿದರು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿಗಿಂತ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬುದು ಕಣ್ಣಿನ ವೈದ್ಯರ ಸಲಹೆ. ಬೆಂಗಳೂರಿನ ಕೋಣೆಯಲ್ಲಿ ಅಷ್ಟು ದೂರದಲ್ಲಿ ಇದ್ದದ್ದು ಎದುರುಮನೆಯ ಗೋಡೆ. ಇಲ್ಲಿ ಕಿಟಕಿಯಾಚೆ ಹಿತ್ತಿಲು, ಅದರಾಚೆ ಬೋಳು ಹೊಲಗಳು.

ಸಂಜೆ ಏಳಕ್ಕೆ ತಮ್ಮನ ಸರದಿ ಬಂದಿತು. ಕುರ್ಚಿ ಬಿಟ್ಟೆದ್ದ ಮಗಳು ಅಡುಗೆಮನೆಗೆ ಹೋದಳು. “ಕತ್ತು ಹೆಂಗೈತೆವ್ವಾ?” ಎಂದು ತಾಯಿ ಕೇಳಿದರು. ಮಗಳು ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ತೋರಿಸಿ, ಸವಣೂರಿನ ಖಾರದ ಪೊಟ್ಟಣ ಬಿಚ್ಚಿದಳು.