ಉದುರಿದ ಹಾಳೆ, ಊಟದ ತಟ್ಟೆ

ಮಕ್ಕಳೇ, ತುಮಕೂರಿನ ಉಪ್ಪಾರಹಳ್ಳಿಯಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಊರಿನ ಮನೆಗಳು ಹಿಂದೆ ಸರಿದಂತೆ ತೆಂಗು, ಅಡಿಕೆ ತೋಟಗಳು ಎದುರಾಗುತ್ತವೆ. ಅಡಿಕೆ ಮರದ ಕೆಳಗೆ ಬಿದ್ದಿರುವ ಹಾಳೆಯನ್ನು ಗಮನಿಸಿ.

ಗರಿಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ಅಗಲವಾದ ಭಾಗವೇ ಹಾಳೆ. ಗರಿ ಒಣಗಿದಾಗ ಅದೂ ತಾನಾಗಿ ಉದುರುತ್ತದೆ, ಮರ ಕಡಿಯಬೇಕಿಲ್ಲ. ಅದನ್ನು ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ. ಹಾಳೆಯ ಗೆರೆಗಳೇ ಚಿತ್ತಾರ. ಒಂದು ತಟ್ಟೆಯಂತೆ ಇನ್ನೊಂದು ಇರುವುದಿಲ್ಲ.

ಎಲೆಯಲ್ಲಿ ಉಣ್ಣುವುದು ನಮಗೆ ಹೊಸದಲ್ಲ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಹಚ್ಚುವುದು ಹೇಗೆಂದು ನಿಮ್ಮ ಅಜ್ಜಿಯನ್ನು ಕೇಳಿ. ಉಂಡ ಎಲೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು.

ಕರ್ನಾಟಕವು 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೇ ನಿಷೇಧ ಬಂತು. ಆದರೂ ಮದುವೆಯ ಮರುದಿನ ಛತ್ರದ ಹಿಂದೆ ನೋಡಿ. ಎಷ್ಟೋ ಕಾಗದದ ತಟ್ಟೆಗಳ ಮೇಲೂ ತೆಳು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅನ್ನದ ವಾಸನೆಗೆ ಬಂದ ಹಸು ಅದನ್ನೂ ನುಂಗುತ್ತದೆ. ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲಿ ಕರಗದೆ ಉಳಿದು ಪ್ರಾಣಕ್ಕೇ ಸಂಚಕಾರ ತರುತ್ತದೆ.

ಹಾಳೆ ತಟ್ಟೆ ದುಬಾರಿ ಎನ್ನುತ್ತೀರಾ? ಲೆಕ್ಕಕ್ಕೆ ಕಸ ಸಾಗಿಸುವ ಖರ್ಚನ್ನೂ ಆ ಹಸುವನ್ನೂ ಸೇರಿಸಿ. ಮನೆಯಲ್ಲಿ ತೊಳೆದಿಡುವ ಸ್ಟೀಲ್ ತಟ್ಟೆಯೇ ಎಲ್ಲಕ್ಕಿಂತ ಉತ್ತಮ. ನೂರಾರು ಜನರ ಪಂಕ್ತಿಗೆ ಬಾಳೆ, ಮುತ್ತುಗ, ಹಾಳೆ ಇರಲಿ. ಮುಂದಿನ ಹುಟ್ಟುಹಬ್ಬಕ್ಕೆ ತಟ್ಟೆ ಆರಿಸುವ ಕೆಲಸವನ್ನು ಅಜ್ಜ-ಅಜ್ಜಿಯ ಜೊತೆ ನೀವೇ ವಹಿಸಿಕೊಳ್ಳಿ.