‘ಡಿಫರ್’: ಮುಂದೂಡಿದವರು ಯಾರು?

ಇಂಗ್ಲಿಷಿನ ‘ಡಿಫರ್’ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಎರಡು ಅರ್ಥಗಳು ಸಿಗುತ್ತವೆ: ಮುಂದೂಡು ಮತ್ತು ಇನ್ನೊಬ್ಬರ ತೀರ್ಮಾನಕ್ಕೆ ಬಿಟ್ಟುಕೊಡು. ಒಂದೇ ಪದಕ್ಕೆ ಎರಡು ಅರ್ಥ ಎನ್ನುವುದಕ್ಕಿಂತ, ಒಂದೇ ರೂಪದ ಎರಡು ಪದಗಳು ಎನ್ನುವುದು ಸರಿ. ಎರಡರಲ್ಲೂ ಲ್ಯಾಟಿನ್ನಿನ ‘ಫೆರ್ರೆ’ ಇದೆ. ಅದರ ಅರ್ಥ ಹೊರು, ಒಯ್ಯು. ಒಂದು ಕೆಲಸವನ್ನು ಇವತ್ತಿನಿಂದ ದೂರ ಒಯ್ದರೆ ಅದು ಮುಂದೂಡಿಕೆ. ಒಂದು ವಿಷಯವನ್ನು ಒಯ್ದು ಇನ್ನೊಬ್ಬರ ಮುಂದಿಟ್ಟು ‘ನೀವು ಹೇಳಿದ ಹಾಗೆ’ ಎಂದರೆ ಅದು ಎರಡನೆಯ ಅರ್ಥ. ‘ಭಿನ್ನವಾಗಿರು’ ಎಂಬರ್ಥದ ಇನ್ನೊಂದು ಪದವೂ ಕನ್ನಡ ಲಿಪಿಯಲ್ಲಿ ಹೀಗೇ ಕಾಣುತ್ತದೆ. ಅದರಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, ನಮ್ಮ ಪದದಲ್ಲಿ ಎರಡನೆಯದರ ಮೇಲೆ.

ಕಡೂರಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಈ ಪದವನ್ನು ಕಲಿಸಿದೆ. ಮೊದಲ ಅರ್ಥಕ್ಕೆ ಉದಾಹರಣೆ ಹುಡುಕಬೇಕಾಗಲಿಲ್ಲ. ಮಳೆ ಕೈಕೊಟ್ಟರೆ ಇಲ್ಲಿ ರಾಗಿ ಬಿತ್ತನೆ ಮುಂದೆ ಹೋಗುತ್ತದೆ. 2020ರಲ್ಲಿ ಮಾರ್ಚ್ 23ಕ್ಕೆ ನಿಗದಿಯಾಗಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಕೊರೊನಾದಿಂದಾಗಿ ಜೂನ್ 18ಕ್ಕೆ ಹೋಯಿತು. ಇಲ್ಲೊಂದು ಎಚ್ಚರಿಕೆ ಹೇಳಬೇಕಾಯಿತು. ನಾವು ‘ಮುಂದೆ’ ಹಾಕಿದ್ದು ತಡವಾಗಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ ನಿಗದಿಗಿಂತ ಬೇಗ ನಡೆಸುವುದು. ಪದಕ್ಕೆ ಪದ ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ.

ಎರಡನೆಯ ಅರ್ಥಕ್ಕೆ ‘ಟು’ ಬೇಕು, ಅದರ ಮುಂದೆ ಒಬ್ಬ ವ್ಯಕ್ತಿಯೋ ಅವರ ಅಭಿಪ್ರಾಯವೋ ಬರಬೇಕು. ‘ಅಡುಗೆಯೆಲ್ಲ ಅಮ್ಮನದೇ, ಆದರೆ ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಯಾರು ಹೇಳೋದು?’ ಎಂದು ಕೇಳಿದೆ. ‘ಅಜ್ಜಿ’ ಎಂದರು. ಅಜ್ಜಿಗೆ ಹೆಚ್ಚು ಗೊತ್ತು ಎಂದು ಒಪ್ಪಿ ಅಮ್ಮ ಬಿಟ್ಟುಕೊಡುತ್ತಾರೆ. ಅದು ‘ಡಿಫರ್ ಟು’.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮಿಸ್, ನಮ್ಮ ಅಕ್ಕನ ಕಾಲೇಜು ಮುಂದೆ ಹೋಯ್ತು. ಅಪ್ಪ ಮುಂದಿನ ವರ್ಷ ನೋಡೋಣ ಅಂದ್ರು, ಅವಳು ಹೂಂ ಅಂದ್ಲು. ಇದರಲ್ಲಿ ಎರಡೂ ಡಿಫರ್ ಬರುತ್ತಾ?’

ಆ ಪ್ರಶ್ನೆ ನನ್ನ ಪಾಠ ಯೋಜನೆಯಲ್ಲಿರಲಿಲ್ಲ. ಮೊದಲನೆಯದು ಖಂಡಿತ ಬರುತ್ತದೆ ಎಂದೆ. ಆದರೆ ಕಾಲೇಜು ತಾನಾಗಿ ಮುಂದೆ ಹೋಗುವುದಿಲ್ಲ; ಈ ಕ್ರಿಯಾಪದಕ್ಕೆ ಕರ್ತೃ ಬೇಕು. ಅವಳೇ ‘ಅಪ್ಪ’ ಎಂದಳು. ಎರಡನೆಯದರಲ್ಲಿ, ಅಪ್ಪನ ತೀರ್ಮಾನವೇ ಸರಿ ಎಂದು ಅಕ್ಕ ಗೌರವದಿಂದ ಒಪ್ಪಿದ್ದರೆ ‘ಡಿಫರ್ ಟು’ ಹೊಂದುತ್ತದೆ. ಬೇರೆ ದಾರಿಯಿಲ್ಲದೆ ಮಣಿದಿದ್ದರೆ ‘ಗಿವ್ ಇನ್’ ಹತ್ತಿರದ ಮಾತು. ಯಾವುದು ಎಂದು ಅಕ್ಕನೇ ಹೇಳಬೇಕು ಎಂದೆ.

ಮರುದಿನ ಅವಳು ಉತ್ತರ ತಂದಳು: ‘ಕೇಳಿದೆ ಮಿಸ್. ನನ್ನನ್ನ ಯಾರು ಕೇಳಿದ್ರು ಅಂದ್ಲು.’ ಬಳಿಕ ಪುಸ್ತಕದಲ್ಲಿ ಎರಡು ವಾಕ್ಯ ಬರೆದು ತೋರಿಸಿದಳು. ಮೊದಲನೆಯದರಲ್ಲಿ ಅಪ್ಪ ಕರ್ತೃ, ಕ್ರಿಯಾಪದ ‘ಡಿಫರ್ಡ್’. ಭೂತಕಾಲದ ಎರಡು ‘ಆರ್’ಗಳೂ ಸರಿಯಾಗಿದ್ದವು. ಎರಡನೆಯದರಲ್ಲಿ ಅಕ್ಕ ಕರ್ತೃ, ಕ್ರಿಯಾಪದ ‘ಗೇವ್ ಇನ್’. ತಿದ್ದಲು ಏನೂ ಇರಲಿಲ್ಲ. ಮನೆಯ ವಿಷಯಕ್ಕೆ ನಾನು ಉಪದೇಶ ಹೇಳಲಿಲ್ಲ. ಅವಳೂ ಅದನ್ನು ಕೇಳಿರಲಿಲ್ಲ. ಅಕ್ಕ ಮುಂದಿನ ಜೂನ್‌ನಲ್ಲಿ ಅರ್ಜಿ ಹಾಕುತ್ತಾಳಂತೆ ಎಂದಷ್ಟೇ ಹೇಳಿ ಕೂತಳು.

‘ಮುಂದೆ ಹೋಯಿತು’, ‘ಒಪ್ಪಿಕೊಂಡಳು’ ಎಂಬ ದಿನಬಳಕೆಯ ಮಾತುಗಳಲ್ಲಿ ಮುಂದೂಡಿದವರೂ ಕಾಣುವುದಿಲ್ಲ, ಒಪ್ಪಿದವರ ಮನಸ್ಸೂ ಕಾಣುವುದಿಲ್ಲ. ಇಂಗ್ಲಿಷಿನಲ್ಲೂ ಕರ್ಮಣಿ ಪ್ರಯೋಗ ಅದನ್ನೇ ಮಾಡಬಲ್ಲದು. ಆದ್ದರಿಂದ ಈ ಪದವನ್ನು ಕಲಿಸುವ ಸಹಪ್ರಶಿಕ್ಷಣಾರ್ಥಿಗಳು ಮೊದಲು ಕರ್ತರಿ ವಾಕ್ಯಗಳನ್ನೇ ಬರೆಸಲಿ. ಜೊತೆಗೆ ಎರಡು ಪ್ರಶ್ನೆಗಳನ್ನು ಪಾಠ ಯೋಜನೆಯಲ್ಲಿ ಸೇರಿಸಿಕೊಳ್ಳಲಿ: ಮುಂದೂಡಿದವರು ಯಾರು? ಬಿಟ್ಟುಕೊಟ್ಟವರು ಮನಸಾರೆ ಬಿಟ್ಟುಕೊಟ್ಟರೇ? ವ್ಯಾಕರಣದ ಪಾಠಕ್ಕೆ ಇಷ್ಟು ಸಾಕು. ಉಳಿದದ್ದನ್ನು ಮಕ್ಕಳೇ ಮನೆಯಿಂದ ತರುತ್ತಾರೆ.